ಬೆಕ್ಕನ್ನು ಕಂಡ ಅಳಿಲು ಓಡದೆ ಬಾಲ ಬಡಿಯುವುದೇಕೆ?

ಪ್ರಶ್ನೆ: ಹಿತ್ತಲಿಗೆ ಬೆಕ್ಕು ಬಂದಾಗ ತೆಂಗಿನ ಮರದಲ್ಲಿರುವ ಅಳಿಲು ಸದ್ದಿಲ್ಲದೆ ಅಡಗಿಕೊಳ್ಳುವ ಬದಲು, ಎದುರಿಗೇ ಕುಳಿತು ಬಾಲ ಝಾಡಿಸುತ್ತಾ ಒಂದೇ ಸಮನೆ ಕೂಗುತ್ತದೆ. ಇದರಿಂದ ತಾನಿರುವ ಜಾಗವನ್ನು ಶತ್ರುವಿಗೆ ತಾನೇ ತೋರಿಸಿಕೊಟ್ಟಂತೆ ಆಗುವುದಿಲ್ಲವೇ?

ಉತ್ತರ: ಆಗುತ್ತದೆ; ಅಳಿಲಿಗೆ ಬೇಕಾಗಿರುವುದೂ ಅದೇ. ಬೆಕ್ಕು ಹೊಂಚು ಹಾಕಿ ಹಿಡಿಯುವ ಪ್ರಾಣಿ. ಬೇಟೆ ಮೈಮರೆತಿದ್ದರೆ ಮಾತ್ರ ಅದಕ್ಕೆ ಗಿಟ್ಟುತ್ತದೆ. ನಿನ್ನನ್ನು ನೋಡಿಯಾಗಿದೆ ಎಂದು ಅಳಿಲು ಸಾರಿಬಿಟ್ಟರೆ, ಮರದ ಬುಡದಲ್ಲಿ ಮೈ ಕುಗ್ಗಿಸಿ ಕೂತು ಪ್ರಯೋಜನವಿಲ್ಲ. ಜೊತೆಗೆ, ಸುತ್ತಲಿನ ಅಳಿಲುಗಳಿಗೂ ಸುದ್ದಿ ಮುಟ್ಟುತ್ತದೆ.

ಹಾಗೆಂದು ಎಲ್ಲ ಶತ್ರುಗಳಿಗೂ ಒಂದೇ ಮದ್ದಲ್ಲ. ಅಮೆರಿಕದ ಬೂದು ಅಳಿಲುಗಳ ಮುಂದೆ ನೆಲದಲ್ಲಿ ಬೆಕ್ಕಿನ ಮಾದರಿಯನ್ನೂ ಮೇಲಿನಿಂದ ಹಾರಿಬರುವ ಮಾದರಿಯನ್ನೂ ಒಡ್ಡಿ ನೋಡಿದ ಮಯಾಮಿ ವಿಶ್ವವಿದ್ಯಾಲಯದ ಸಂಶೋಧಕರು, ಬಾಲ ಬೀಸುವುದು ಮುಖ್ಯವಾಗಿ ನೆಲದ ಶತ್ರುವಿಗೆ ಮೀಸಲಾಗಿದ್ದು, ಆಕಾಶದ ಶತ್ರುವಿಗೆ ನರಳಿದಂತಹ ಬೇರೆಯೇ ದನಿ ಹೊರಡುತ್ತದೆಂದು 2014ರಲ್ಲಿ ಪ್ರಕಟಿಸಿದರು. ಎರಗಿ ಬರುತ್ತಿರುವ ಗಿಡುಗನಿಗೆ ಬಾಲ ತೋರಿಸುತ್ತಾ ನಿಲ್ಲುವುದು ಜಾಣತನವಲ್ಲವಷ್ಟೆ.

ಬಾಲದ ಈ ಭಾಷೆ ಎಷ್ಟು ನಯವಾಗಿ ಬೆಳೆದಿದೆ ಎಂಬುದನ್ನು ನೋಡಲು ಕ್ಯಾಲಿಫೋರ್ನಿಯಾದ ನೆಲದ ಅಳಿಲಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇದು ಬಿಲದಲ್ಲಿ ವಾಸಿಸುವ ಅಳಿಲು. ಇದರ ದೊಡ್ಡ ವೈರಿ, ಬಾಲದ ತುದಿಯಲ್ಲಿ ಗಿಲಕಿಯಿರುವ ವಿಷದ ಹಾವಾದ ರ್‍ಯಾಟಲ್‌ಸ್ನೇಕ್. ಬೆಳೆದ ಅಳಿಲುಗಳ ರಕ್ತದಲ್ಲಿ ಈ ವಿಷವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುವ ಪ್ರೋಟೀನುಗಳಿರುವುದರಿಂದ, ಹಾವು ಹೆಚ್ಚಾಗಿ ಕಣ್ಣಿಡುವುದು ಮರಿಗಳ ಮೇಲೆ. ಆಗ ತಾಯಿ ಅಳಿಲು ಓಡುವುದಿಲ್ಲ. ಹಾವಿನ ಎದುರಿಗೇ ಬಂದು, ರೋಮವನ್ನೆಲ್ಲ ಕೆದರಿಸಿಕೊಂಡ ಬಾಲವನ್ನು ಎಡಕ್ಕೂ ಬಲಕ್ಕೂ ಬೀಸುತ್ತದೆ, ಕೆಲವೊಮ್ಮೆ ಹಾವಿನ ಮುಖಕ್ಕೆ ಮಣ್ಣು ಎರಚುತ್ತದೆ.

ಇಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯಿದೆ. ನಮ್ಮ ಮಲೆನಾಡಿನ ಕುಳಿಮಂಡಲ ಹಾವುಗಳಂತೆ ರ್‍ಯಾಟಲ್‌ಸ್ನೇಕಿಗೂ ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಒಂದು ಗುಳಿಯಿದ್ದು, ಬಿಸಿರಕ್ತದ ಪ್ರಾಣಿಗಳ ಮೈಯಿಂದ ಹೊರಡುವ ಅವಕೆಂಪು ಕಿರಣಗಳನ್ನು, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು, ಅದು ಗ್ರಹಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಏರನ್ ರಂಡಸ್, ಡೊನಾಲ್ಡ್ ಓವಿಂಗ್ಸ್ ಮತ್ತು ಅವರ ಸಂಗಡಿಗರು ಶಾಖ ತೋರಿಸುವ ಕ್ಯಾಮೆರಾದ ಮೂಲಕ ಗಮನಿಸಿದಾಗ, ಈ ಹಾವಿನೆದುರು ಬಾಲ ಬೀಸುವ ಅಳಿಲು ಬಾಲವನ್ನು ಬಿಸಿಯನ್ನೂ ಮಾಡಿಕೊಳ್ಳುತ್ತದೆಂಬುದು ಕಂಡುಬಂತು. ಅದೇ ಅಳಿಲು, ಶಾಖದ ಗುಳಿಯಿಲ್ಲದ ಗೋಫರ್ ಹಾವಿನೆದುರು ಬಾಲವನ್ನೇನೋ ಬೀಸಿತು, ಬಿಸಿ ಮಾಡಿಕೊಳ್ಳಲಿಲ್ಲ. ಬಿಸಿಯಾಗುವ ಬಾಲವುಳ್ಳ ಯಾಂತ್ರಿಕ ಅಳಿಲೊಂದನ್ನು ಮಾಡಿ ರ್‍ಯಾಟಲ್‌ಸ್ನೇಕಿನ ಮುಂದಿಟ್ಟಾಗ, ತಣ್ಣನೆಯ ಬಾಲಕ್ಕಿಂತ ಬಿಸಿಬಾಲ ಬೀಸಿದಾಗಲೇ ಹಾವು ಬೇಟೆಯ ಹುಮ್ಮಸ್ಸು ಬಿಟ್ಟು ತನ್ನ ರಕ್ಷಣೆಯ ನಿಲುವಿಗೆ ಹೆಚ್ಚು ಹೊರಳಿತು. ಈ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕೇಳುವವನ ಇಂದ್ರಿಯವನ್ನು ನೋಡಿಕೊಂಡು ಮಾತಿನ ಬಗೆಯನ್ನೇ ಬದಲಿಸುವ ಇಂತಹ ನಡವಳಿಕೆ ಪ್ರಾಣಿಲೋಕದಲ್ಲಿ ಅಪರೂಪ. ಹಿತ್ತಲಿನ ಬೆಕ್ಕಿಗೆ ಅಂಥ ಗುಳಿಯಿಲ್ಲವಾದ್ದರಿಂದ ಅದರ ಮುಂದೆ ಚಲನೆ ಮತ್ತು ದನಿಗಳದ್ದೇ ಕೆಲಸ.

ಇದೇ ನೆಲದ ಅಳಿಲುಗಳು ಹಾವು ಕಳಚಿದ ಪೊರೆಯನ್ನು ಅಗಿದು, ಆ ಎಂಜಲನ್ನು ತಮ್ಮ ಮೈಗೂ ಬಾಲಕ್ಕೂ ನೆಕ್ಕಿ ಹಚ್ಚಿಕೊಳ್ಳುವುದುಂಟು. ಹಾವಿನ ವಾಸನೆಯ ಮರೆಯಲ್ಲಿ ತಮ್ಮ ವಾಸನೆಯನ್ನು ಅಡಗಿಸುವ ಉಪಾಯವಿದು ಎಂಬುದು ವಿಜ್ಞಾನಿಗಳ ವಿವರಣೆ.

ಶತ್ರುವಿಲ್ಲದಿದ್ದರೂ ಬಾಲ ಬಡಿಯುವ ಸಂದರ್ಭಗಳಿವೆಯೇ ಎಂದು ಕೇಳಿದರೆ, ಇವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕೇಂದ್ರದಲ್ಲಿ ಸಂಶೋಧಕರಾದ ಮೈಕೆಲ್ ಡೆಲ್ಗಾಡೊ ಮತ್ತು ಲೂಸಿಯಾ ಜೇಕಬ್ಸ್ ಅವರು ಅಮೆರಿಕದ ಮರದ ಅಳಿಲುಗಳಲ್ಲೊಂದಾದ ಫಾಕ್ಸ್ ಅಳಿಲುಗಳಿಗೆ ಪೆಟ್ಟಿಗೆಯ ಮುಚ್ಚಳ ತೆರೆದು ಅಕ್ರೋಟು ತಿನ್ನುವುದನ್ನು ಕಲಿಸಿ, ಬಳಿಕ ಕೆಲವಕ್ಕೆ ಅಕ್ರೋಟಿನ ಬದಲು ಜೋಳ, ಕೆಲವಕ್ಕೆ ಖಾಲಿ ಪೆಟ್ಟಿಗೆ, ಇನ್ನು ಕೆಲವಕ್ಕೆ ಬೀಗ ಹಾಕಿದ ಪೆಟ್ಟಿಗೆ ಕೊಟ್ಟರು. ಬಾಲದ ಬೀಸು ಅತ್ಯಂತ ಜೋರಾದದ್ದು ಬೀಗ ಹಾಕಿದ ಪೆಟ್ಟಿಗೆಯ ಮುಂದೆ. 2016ರಲ್ಲಿ ಹೊರಬಂದ ಈ ಫಲಿತಾಂಶ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ: ಬಾಲ ಬಡಿಯುವ ಅಳಿಲನ್ನೆಲ್ಲ ಹೆದರಿದ ಅಳಿಲೆಂದು ಎಣಿಸಬಾರದು. ತಲೆ ಒಂದೇ ದಿಕ್ಕಿಗೆ ನೆಟ್ಟು ಕೂಗು ಬಿಡದೆ ಸಾಗಿದ್ದರೆ ಆ ದಿಕ್ಕಿನಲ್ಲಿ ಬೆಕ್ಕನ್ನೋ ಕೇರೆಹಾವನ್ನೋ ಹುಡುಕಬಹುದು; ಗಮನವೆಲ್ಲ ಬಾಯಿಗೆ ಬಾರದ ತುತ್ತಿನ ಮೇಲಿದ್ದರೆ, ಅದು ಬರಿಯ ಸಿಟ್ಟಿರಬಹುದು.