ಮೊಲದ ಹೊಟ್ಟೆಯ ಕೂದಲು: ಉಂಡೆ ಮೊದಲೋ, ಕರುಳು ನಿಧಾನವಾಗಿದ್ದು ಮೊದಲೋ?

ಮನೆಯಲ್ಲಿ ಮೊಲ ಸಾಕಿರುವವರಿಗೆ, ಪ್ರಾಣಿಗಳ ಆರೈಕೆ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಗೂಡು ಎಷ್ಟು ದೊಡ್ಡದಿರಬೇಕು, ಯಾವ ತಳಿ ಒಳ್ಳೆಯದು ಅನ್ನೋದೆಲ್ಲ ಇದರಲ್ಲಿಲ್ಲ. ಕೂದಲು ಉದುರುವುದು, ಅದು ಹೊಟ್ಟೆಗೆ ಹೋಗುವುದು, ಹೋದಮೇಲೆ ಏನಾಗುತ್ತದೆ, ಇಷ್ಟೇ. ಮೂರನೆಯದು ನನ್ನ ತಲೆಗೆ ಹತ್ತಲು ಬಹಳ ಸಮಯ ಹಿಡಿಯಿತು. ಹಾಗಾಗಿ ಅದೇ ಜಾಸ್ತಿ ಜಾಗ ತಿಂದಿದೆ.

ಉದುರುವ ಕಾಲ

ಪುಸ್ತಕಗಳಲ್ಲಿ ವಸಂತದಲ್ಲಿ ಒಮ್ಮೆ, ಚಳಿಗಾಲಕ್ಕೆ ಮುಂಚೆ ಒಮ್ಮೆ ಜೋರಾಗಿ ಉದುರುತ್ತದೆ, ನಡುವೆ ಸ್ವಲ್ಪ ಸ್ವಲ್ಪ ಎಂದಿರುತ್ತದೆ. ಅದು ಹೆಚ್ಚಾಗಿ ಯುರೋಪಿನ ಲೆಕ್ಕ. ಮೊಲದ ಮೈಗೆ ಮುಖ್ಯ ಸೂಚನೆ ಕೊಡುವುದು ಹಗಲಿನ ಉದ್ದ. ಲಂಡನ್‌ನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಎಂಟು ಗಂಟೆಗೂ ಮೀರಿದ ವ್ಯತ್ಯಾಸವಿದೆ. ಬೆಂಗಳೂರಿನಲ್ಲಿ ಅದು ಹೆಚ್ಚೂಕಡಿಮೆ ಒಂದೂವರೆ ಗಂಟೆ. ಜೊತೆಗೆ ರಾತ್ರಿ ಹನ್ನೊಂದರವರೆಗೆ ಹಾಲ್‌ನಲ್ಲಿ ಟ್ಯೂಬ್‌ಲೈಟ್. ಇನ್ನು ಮೊಲಕ್ಕೆ ಋತು ಗೊತ್ತಾಗುವುದು ಹೇಗೆ? ಮನೆಯೊಳಗಿನ ಮೊಲ ಯಾವಾಗ ಬೇಕಾದರೂ ಉದುರಿಸಬಹುದು. ಕ್ಯಾಲೆಂಡರ್ ಬಿಟ್ಟು ಮೈ ನೋಡುವುದೇ ಸರಿ.

ಸಾಮಾನ್ಯವಾಗಿ ತಲೆಯಿಂದ ಶುರುವಾಗಿ ಕತ್ತು, ಬೆನ್ನು ದಾಟಿ ಸೊಂಟ, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಬೆನ್ನಿನ ಮೇಲೆ ಹೊಸ ಕೂದಲು, ಹಳೆ ಕೂದಲು ಸೇರುವ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಒಂದು ಕಡೆ ಹೊಳಪು, ಇನ್ನೊಂದು ಕಡೆ ಮಾಸಲು. ಸೊಂಟದ ಹತ್ತಿರ ಕುಚ್ಚು ಕುಚ್ಚಾಗಿ ಎದ್ದು ನಿಲ್ಲುತ್ತದೆ. ಎರಡು ಬೆರಳಲ್ಲಿ ಹಿಡಿದರೆ ಸಾಕು, ಎಳೆಯದೆಯೇ ಕೈಗೆ ಬರುತ್ತದೆ. ಕೂದಲು ಬಿಡಿಸಿ ನೋಡಿದಾಗ ಚರ್ಮದಲ್ಲಿ ಅಲ್ಲಲ್ಲಿ ಕಪ್ಪಗೆ, ಸ್ವಲ್ಪ ದಪ್ಪಗೆ ಇರುವ ತೇಪೆ ಕಂಡರೆ ಗಾಬರಿ ಬೇಡ. ಹೊಸ ಕೂದಲು ಜೋರಾಗಿ ಹುಟ್ಟುತ್ತಿರುವ ಜಾಗ ಹಾಗೇ ಇರುತ್ತದೆ.

ಎಲ್ಲರೂ ಎಡವುವ ಜಾಗ

ಮೊಲ ದಿನದಲ್ಲಿ ಸಾಕಷ್ಟು ಹೊತ್ತು ಮೈ ನೆಕ್ಕಿಕೊಂಡೇ ಕಳೆಯುತ್ತದೆ. ನೆಕ್ಕಿದ ಕೂದಲು ಹೊಟ್ಟೆಗೆ ಹೋಗುತ್ತದೆ. ಬೆಕ್ಕಾದರೆ ವಾಂತಿ ಮಾಡಿ ಹೊರಹಾಕುತ್ತದೆ. ಮೊಲಕ್ಕೆ ಅದು ಸಾಧ್ಯವೇ ಇಲ್ಲ, ಅನ್ನನಾಳ ಹೊಟ್ಟೆಗೆ ಸೇರುವಲ್ಲಿರುವ ಸ್ನಾಯುವಿನ ಬಳೆ ಅಷ್ಟು ಬಿಗಿ. ಇಲ್ಲಿವರೆಗೆ ಎಲ್ಲರಿಗೂ ಗೊತ್ತು.

ಇದರ ಮುಂದಿನ ಹೆಜ್ಜೆಯನ್ನು ನಾವು ನಾವಾಗಿಯೇ ಇಟ್ಟುಬಿಡುತ್ತೇವೆ: ಬಚ್ಚಲಿನ ಜಾಲರಿಗೆ ಕೂದಲು ಸಿಕ್ಕಿ ನೀರು ನಿಂತ ಹಾಗೆ, ಮೊಲದ ಹೊಟ್ಟೆಯಲ್ಲಿ ಕೂದಲು ಉಂಡೆ ಕಟ್ಟುತ್ತದೆ, ದಾರಿ ಮುಚ್ಚುತ್ತದೆ, ಅದಕ್ಕೇ ಮೊಲ ತಿನ್ನುವುದು ಬಿಡುತ್ತದೆ. ಕೇಳಲು ಎಷ್ಟು ಸರಿಯಾಗಿದೆ ಅಲ್ವಾ? ಬಹುಪಾಲು ಸಲ ನಡೆಯುವುದು ಇದರ ತಿರುವುಮುರುವು.

ನಿಧಾನವಾಗಿ ಬಿಡಿಸುತ್ತೇನೆ.

ಒಂದನೆಯದು, ಆರೋಗ್ಯವಾಗಿರುವ ಮೊಲದ ಹೊಟ್ಟೆಯಲ್ಲೂ ಸದಾ ಕೂದಲು ಇದ್ದೇ ಇರುತ್ತದೆ. ಆ ಹೊಟ್ಟೆ ಎಂದೂ ಪೂರ್ತಿ ಖಾಲಿಯಾಗುವುದೂ ಇಲ್ಲ. ಹುಲ್ಲಿನ ಚೂರು, ನೀರು, ಕೂದಲು ಎಲ್ಲ ಸೇರಿದ ಸಡಿಲವಾದ ಗಂಜಿ ಅಲ್ಲಿರುತ್ತದೆ. ಕೂದಲು ಇದೆ ಎಂಬುದಷ್ಟೇ ಕಾಯಿಲೆ ಅಲ್ಲ.

ಎರಡನೆಯದು, ಆ ಕೂದಲನ್ನು ಮುಂದೆ ತಳ್ಳುವುದು ನಾರು. ಮೊಲದ ದೊಡ್ಡ ಕರುಳು ತಿಂದದ್ದನ್ನು ಎರಡು ಪಾಲು ಮಾಡುತ್ತದೆ. ಸಣ್ಣ ಕಣಗಳನ್ನು ಹಿಂದಕ್ಕೆ, ಸೀಕಮ್ ಎಂಬ ದೊಡ್ಡ ಚೀಲಕ್ಕೆ ಕಳಿಸುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ದೊಡ್ಡ, ಜೀರ್ಣವಾಗದ ನಾರನ್ನು ಮುಂದಕ್ಕೆ, ಹಿಕ್ಕೆಯಾಗಿ ಹೊರಗೆ ಕಳಿಸುತ್ತದೆ. ಇದರ ತಾಳ ಕಾಯುವುದು ಫ್ಯೂಸಸ್ ಕೋಲಿ ಎಂಬ ಕರುಳಿನ ಭಾಗ. ಜೀರ್ಣವಾಗದ ಆ ಒರಟು ನಾರಿನಿಂದ ಮೊಲಕ್ಕೆ ಸಿಗುವ ಪೋಷಣೆ ಹೆಚ್ಚೇನಿಲ್ಲ, ಆದರೆ ಕರುಳು ಆಡುತ್ತಲೇ ಇರುವುದು ಅದರಿಂದಲೇ. ಕೂದಲು ಈ ನಾರಿನ ಜೊತೆ ಸೇರಿಕೊಂಡು ಹೊರಗೆ ಹೋಗುತ್ತದೆ.

ಮೂರನೆಯದು, ಕರುಳು ನಿಧಾನವಾದರೆ? ಕಾರಣ ಏನು ಬೇಕಾದರೂ ಇರಬಹುದು. ಹುಲ್ಲು ಕಡಿಮೆ, ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಆಹಾರ) ಜಾಸ್ತಿ. ಹಲ್ಲುನೋವು. ನೀರು ಸಾಲದು. ದಿನವಿಡೀ ಪಂಜರದಲ್ಲೇ ಕೂತಿದ್ದು. ದೀಪಾವಳಿಯ ಪಟಾಕಿ. ಜೊತೆಗಾರ ಮೊಲ ಸತ್ತಿದ್ದು. ತಳ್ಳುವುದು ನಿಧಾನವಾದ ಮೇಲೂ ಹೊಟ್ಟೆಯಲ್ಲಿದ್ದದ್ದರಿಂದ ನೀರು ಹೊರಹೋಗುತ್ತಲೇ ಇರುತ್ತದೆ. ಗಂಜಿಯಂತಿದ್ದದ್ದು ಗಟ್ಟಿಯಾಗುತ್ತದೆ. ನೀರು ಹೋದಮೇಲೆ ಉಳಿಯುವುದೇನು? ಒಣ ನಾರು, ಕೂದಲು. ಅದೇ ನಾವು ನೋಡುವ "ಕೂದಲ ಉಂಡೆ".

ಅಂದರೆ ಉಂಡೆ ಕೊನೆಯಲ್ಲಿ ಬಂದದ್ದು. ಕರುಳು ನಿಧಾನವಾದದ್ದು ಮೊದಲು. ಇದಕ್ಕೆ ಜಿಐ (ಅಂದರೆ ಜೀರ್ಣಾಂಗದ) ಸ್ಟೇಸಿಸ್ ಎನ್ನುತ್ತಾರೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ಹೊಟ್ಟೆ ತುಂಬಿದ ಹಾಗೆ ಅನಿಸುವುದರಿಂದ ಮೊಲ ತಿನ್ನುವುದಿಲ್ಲ, ಕುಡಿಯುವುದಿಲ್ಲ. ತಿನ್ನದಿದ್ದರೆ ನಾರಿಲ್ಲ, ನಾರಿಲ್ಲದಿದ್ದರೆ ಕರುಳು ಇನ್ನೂ ನಿಧಾನ. ಸೀಕಮ್‌ನಲ್ಲಿ ಬೇಡದ ಬ್ಯಾಕ್ಟೀರಿಯಾ ಹೆಚ್ಚಿ ಗ್ಯಾಸ್ ತುಂಬುತ್ತದೆ. ನೋವು. ನೋವಿಗೆ ತಿನ್ನುವುದು ಮತ್ತೆ ಬಿಡುತ್ತದೆ. ದಪ್ಪಗಿರುವ ಮೊಲವಾದರೆ ಉಪವಾಸದಿಂದ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುವ ಅಪಾಯ ಬೇರೆ.

ಯಾವುದು ಮೊದಲಾದರೇನು ಅಂತೀರಾ? ಚಿಕಿತ್ಸೆಯೇ ಬದಲಾಗುತ್ತದೆ ನೋಡಿ. ಉಂಡೆ ಮೊದಲು ಎಂದುಕೊಂಡವರು ಉಂಡೆ ಕರಗಿಸಲು ಹೊರಡುತ್ತಾರೆ. ಕರುಳು ಮೊದಲು ಎಂದು ತಿಳಿದವರು ನೀರು, ನೋವಿನ ಔಷಧಿ, ನಾರು ಕೊಟ್ಟು, ಕರುಳನ್ನು ನಿಲ್ಲಿಸಿದ ಮೂಲ ಕಾರಣ ಹುಡುಕುತ್ತಾರೆ. ಹೊಟ್ಟೆಯಲ್ಲಿದ್ದದ್ದು ಮತ್ತೆ ನೆನೆದು ಸಡಿಲವಾದರೆ ಕೂದಲು ತಾನಾಗಿಯೇ ಹೊರಡುತ್ತದೆ.

ನಿಜವಾಗಿಯೂ ಕೂದಲಿಂದಲೇ ದಾರಿ ಮುಚ್ಚುವುದೂ ಉಂಟು. ಗಟ್ಟಿಯಾಗಿ ಒತ್ತಿಕೊಂಡ ಕೂದಲಿನ ಚಿಕ್ಕ ತುಂಡು ಸಣ್ಣ ಕರುಳಿಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಅದು ಬೇರೆಯದೇ ಕಥೆ, ಬಹಳ ಬೇಗ ಕೆಡುತ್ತದೆ. ಅದನ್ನು ಕೊನೆಯ ಕಡೆ ಬರೆದಿದ್ದೇನೆ.

ಪರಂಗಿ, ಅನಾನಸ್, ಪೇಸ್ಟ್

ಕೂದಲ ಉಂಡೆ ಕರಗಲಿ ಎಂದು ಮೊಲಕ್ಕೆ ಇವನ್ನು ಕೊಡುವವರಿದ್ದಾರೆ. ಪರಂಗಿಯ ಪಪೇನ್, ಅನಾನಸ್‌ನ ಬ್ರೋಮೆಲೇನ್ ಎಂಬ ಎಂಜೈಮ್‌ಗಳು ಪ್ರೋಟೀನ್ ಒಡೆಯುವುದು ನಿಜ. ಮಟನ್‌ಗೆ ಪರಂಗಿಕಾಯಿ ಅರೆದು ಹಚ್ಚುವುದು ಅದಕ್ಕೇ. ಮಾಂಸ ಮೆತ್ತಗಾಗುತ್ತದೆ. ಆದರೆ ಆ ತುಂಡಿಗೆ ಅಂಟಿದ ಕೂದಲು ಹಾಗೇ ಇರುತ್ತದೆ! ಕೂದಲು ಕೆರಾಟಿನ್, ಈ ಎಂಜೈಮ್‌ಗಳಿಗೆ ಅದು ಬಗ್ಗುವುದಿಲ್ಲ. ಜ್ಯೂಸ್ ಕುಡಿಸಿದಾಗ ಏನಾದರೂ ಅನುಕೂಲ ಆಗಿದ್ದರೆ ಅದರಲ್ಲಿದ್ದ ನೀರಿನಿಂದ ಇರಬಹುದು. ಜೊತೆಗೆ ಹೋದ ಸಕ್ಕರೆ ಸೀಕಮ್ ಕೆಡಿಸುತ್ತದೆ. ಬೆಕ್ಕಿಗೆಂದು ಮಾರುವ ಮಾಲ್ಟ್ ಪೇಸ್ಟ್‌ನಲ್ಲೂ ಸಕ್ಕರೆಯೇ. ಸುಮ್ನೆ ದುಡ್ಡು ದಂಡ. ಆ ದುಡ್ಡಿಗೆ ಒಣಹುಲ್ಲು ತನ್ನಿ.

ಹಿಕ್ಕೆ ಓದುವುದು

ಇದು ನನಗೆ ಅತಿ ಇಷ್ಟದ ಭಾಗ, ಮನೆಯವರಿಗೆ ಅತಿ ಅಸಹ್ಯದ ಭಾಗ. ಎಕ್ಸ್‌ರೇ ಇಲ್ಲದೆ ಕರುಳಿನ ಒಳಗಿನ ಸುದ್ದಿ ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಬೆಳಿಗ್ಗೆ ಟ್ರೇ ಗುಡಿಸುವಾಗ ಒಂದು ಹಿಕ್ಕೆ ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಪುಡಿ ಮಾಡಿ. ಒಳಗೆ ಒಣಹುಲ್ಲಿನ ಬಣ್ಣದ ಚೂರುಗಳು ಉದುರಿದರೆ ಒಳ್ಳೆಯದು. ಪುಡಿಯಾಗದೆ ಕಪ್ಪಗೆ, ಗಟ್ಟಿ, ಕಡಲೆಗಿಂತ ಸಣ್ಣ ಇದ್ದರೆ ನಾರು ಅಥವಾ ನೀರು ಸಾಲುತ್ತಿಲ್ಲ. ಕೈ ತೊಳೆಯುವುದನ್ನು ಹೇಳಬೇಕಿಲ್ಲ ತಾನೆ.

ಉದುರುವ ಕಾಲದಲ್ಲಿ ಎರಡು ಮೂರು ಹಿಕ್ಕೆಗಳು ಕೂದಲಿನ ಎಳೆಯಲ್ಲಿ ಪೋಣಿಸಿದ ಹಾಗೆ ಬರುತ್ತವೆ. ಒಂದನ್ನು ಎತ್ತಿದರೆ ಇನ್ನೊಂದು ಅದರ ಜೊತೆ ನೇತಾಡುತ್ತದೆ. ಇದನ್ನು ನೋಡಿದ ತಕ್ಷಣ ಹೊಟ್ಟೆಯಲ್ಲಿ ಉಂಡೆ ಆಗಿದೆ ಎಂದು ಹೆದರುವವರೇ ಜಾಸ್ತಿ. ಯೋಚಿಸಿ: ಆ ಕೂದಲು ಹೊರಗೆ ಬಂದಿದೆ! ಕರುಳು ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು. ಆದರೆ ಒಳಗೆ ಹೋಗುತ್ತಿರುವ ಕೂದಲು ಹೆಚ್ಚಾಗಿದೆ ಎಂದೂ ಅದೇ ಹೇಳುತ್ತದೆ. ಸರ ಕಂಡ ದಿನ ಬಾಚಣಿಗೆ ಹಿಡಿಯಬೇಕು, ಹುಲ್ಲು ಹೆಚ್ಚಿಸಬೇಕು, ಅಷ್ಟೇ.

ಹೆದರಬೇಕಾದದ್ದು ಬೇರೆ. ಹಿಕ್ಕೆ ದಿನದಿಂದ ದಿನಕ್ಕೆ ಸಣ್ಣದಾಗುವುದು. ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಸೊಟ್ಟ, ಹೀಗೆ ಬೆರಕೆ ಬರುವುದು. ಟ್ರೇಯಲ್ಲಿ ನಿನ್ನೆಯ ಅರ್ಧವೂ ಇಲ್ಲದಿರುವುದು. ಸರ ಇದ್ದೂ ಹಿಕ್ಕೆ ದಪ್ಪಗಿದ್ದರೆ ನನಗೆ ನೆಮ್ಮದಿ. ಸರ ಇಲ್ಲದೆ ಹಿಕ್ಕೆ ಸಣ್ಣಗಾಗುತ್ತಿದ್ದರೆ ನಿದ್ದೆ ಬರುವುದಿಲ್ಲ.

ಮೆತ್ತಗೆ, ಹೊಳೆಯುವ, ದ್ರಾಕ್ಷಿ ಗೊಂಚಲಿನ ಆಕಾರದ್ದು ಸಿಕ್ಕರೆ ಅದು ಭೇದಿಯಲ್ಲ, ಸೆಕೋಟ್ರೋಪ್. ಸೀಕಮ್‌ನಲ್ಲಿ ಹುದುಗಿದ್ದು. ಮೊಲ ಅದನ್ನು ಗುದದಿಂದಲೇ ನೇರ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ, ತಿನ್ನಲೇಬೇಕು. ನೆಲದಲ್ಲಿ ಪದೇ ಪದೇ ಬಿದ್ದಿದ್ದರೆ ಪೆಲೆಟ್ ಅಥವಾ ಹಣ್ಣು ಜಾಸ್ತಿಯಾಗಿದೆ, ಇಲ್ಲವೇ ಬೊಜ್ಜು ಅಥವಾ ಕೀಲುನೋವಿನಿಂದ ಅದಕ್ಕೆ ಬಗ್ಗಲು ಆಗುತ್ತಿಲ್ಲ.

ಬಾಚುವುದು

ಮೊಲದ ಚರ್ಮ ತೆಳು, ಬೇಗ ಹರಿಯುತ್ತದೆ. ನಾಯಿಗೆ ಬಳಸುವ ಚೂಪು ತಂತಿಯ ಬ್ರಷ್ ಬೇಡ. ಮೆತ್ತಗಿನ ರಬ್ಬರ್ ಬ್ರಷ್ ಸಾಕು, ಇಲ್ಲವೇ ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆ, ಅದೂ ಹಗುರ ಕೈಯಲ್ಲಿ. ಯಾವುದೂ ಇಲ್ಲದಿದ್ದರೆ ಅಂಗೈ ಒದ್ದೆ ಮಾಡಿ ತಲೆಯಿಂದ ಸೊಂಟದವರೆಗೆ ಸವರಿ. ಕೈಗೆ ಅಂಟಿದ್ದನ್ನು ಹಳೆ ಟವೆಲ್‌ಗೆ ಒರೆಸಿ, ಮತ್ತೆ ಸವರಿ. ಬ್ರಷ್ ಕಂಡರೆ ಓಡುವ ಮೊಲಕ್ಕೂ ಇದು ನಡೆಯುತ್ತದೆ. ಫ್ಯಾನ್ ಆರಿಸಿಕೊಳ್ಳಿ.

ಸಾಮಾನ್ಯ ದಿನಗಳಲ್ಲಿ ವಾರಕ್ಕೆ ಒಂದೆರಡು ಸಲ ಸಾಕು, ಉದುರುವ ಕಾಲದಲ್ಲಿ ದಿನಾ. ಒಂದೇ ಸಲಕ್ಕೆ ಮುಗಿಸುವ ಹಟ ಬೇಡ. ನೆಲದಲ್ಲೇ ಕೂರಿಸಿ. ಅಂಗಾತ ಮಲಗಿಸಬೇಡಿ. ಆಗ ಅದು ಅಲುಗಾಡದೆ ಇರುವುದು ಆರಾಮಕ್ಕಲ್ಲ, ಭಯಕ್ಕೆ. ಒದ್ದುಕೊಂಡರೆ ಬೆನ್ನುಮೂಳೆ ಮುರಿಯಬಹುದು. ಗಂಟು ಕಟ್ಟಿದ್ದರೆ ಕತ್ತರಿ ಹಾಕಬೇಡಿ, ಗಂಟಿನ ಜೊತೆ ಚರ್ಮವೂ ಎದ್ದು ಬರುತ್ತದೆ. ಸ್ನಾನವಂತೂ ಬೇಡವೇ ಬೇಡ. ಮೈ ತಣ್ಣಗಾಗಿ, ಗಾಬರಿಗೆ ಸತ್ತೂ ಹೋಗಬಹುದು.

ಜೋಡಿ ಮೊಲ ಇದ್ದರೆ ಒಂದು ಮಾತು. ಅವು ಒಂದನ್ನೊಂದು ನೆಕ್ಕುತ್ತವೆ. ಉದುರುತ್ತಿರುವುದು ಒಂದು, ಕೂದಲು ನುಂಗುತ್ತಿರುವುದು ಇನ್ನೊಂದು ಆಗಿರಬಹುದು. ಇಬ್ಬರ ಹಿಕ್ಕೆಯನ್ನೂ ನೋಡಿ.

ಅಂಗೋರಾ ಮೊಲಕ್ಕೆ ಬರೀ ಬಾಚಿದರೆ ಸಾಲದು. ಹಿಮಾಚಲದ ಕುಲ್ಲು ಕಡೆ ಉಣ್ಣೆಗಾಗಿ ಸಾಕುವ ತಳಿ ಅದು. ಅದರ ಕೂದಲು ಬೆಳೆಯುತ್ತಲೇ ಹೋಗುವುದರಿಂದ ಸುಮಾರು ಮೂರು ತಿಂಗಳಿಗೊಮ್ಮೆ ಕತ್ತರಿಸಲೇಬೇಕು, ಅದೂ ಗೊತ್ತಿರುವವರ ಕೈಯಿಂದ. ಬೆಂಗಳೂರಿನ ಫ್ಲ್ಯಾಟ್‌ಗೆ ಅದನ್ನು ತರುವ ಆಸೆ ಬಿಡುವುದೇ ವಾಸಿ.

ಹುಲ್ಲು, ನೀರು

ಊಟದಲ್ಲಿ ಹತ್ತಕ್ಕೆ ಎಂಟು ಪಾಲು ಹುಲ್ಲೇ ಇರಲಿ. ಉಳಿದದ್ದು ಸೊಪ್ಪು, ಮೊಲದ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ ಒಂದು ದೊಡ್ಡ ಚಮಚದಷ್ಟು ಪೆಲೆಟ್. ಅಂಗಡಿಯಲ್ಲಿ ಮೊಲಕ್ಕೆಂದು ಮಾರುವ ಟಿಮೋತಿ ಹುಲ್ಲು ಹೆಚ್ಚಾಗಿ ಆಮದಿನದು, ದುಬಾರಿ. ಗಣಪತಿಗೆ ಏರಿಸುವ ಗರಿಕೆಯೂ ಒಳ್ಳೆಯ ನಾರು. ತೊಳೆದು ಹಸಿಯಾಗಿಯೂ ಕೊಡಬಹುದು, ನೆರಳಲ್ಲಿ ಒಣಗಿಸಿಯೂ ಕೊಡಬಹುದು. ರಸ್ತೆ ಬದಿಯದು, ಔಷಧಿ ಹೊಡೆದದ್ದು ಬೇಡ. ಭತ್ತದ ಹುಲ್ಲು ಹಾಸಲು ಸರಿ, ಅದೊಂದೇ ಊಟವಾದರೆ ಪೋಷಣೆ ಸಾಲದು. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಬೆಳೆಯುವ ಮರಿಗೆ ಸರಿ. ದೊಡ್ಡದಕ್ಕೆ ಅದರಲ್ಲಿ ಕ್ಯಾಲ್ಸಿಯಂ, ಪ್ರೋಟೀನ್ ಜಾಸ್ತಿ. ಮಳೆಗಾಲದಲ್ಲಿ ಹುಲ್ಲಿನ ಚೀಲ ಮೂಸಿ ನೋಡಿ, ಮುಗ್ಗಲು ವಾಸನೆ ಬಂದರೆ ಎಸೆಯಿರಿ.

ನೀರನ್ನು ಬಟ್ಟಲಲ್ಲಿಡಿ. ನಳಿಕೆಯ ಬಾಟಲಿಗಿಂತ ಬಟ್ಟಲಲ್ಲಿ ಜಾಸ್ತಿ ಕುಡಿಯುತ್ತವೆ. ಕೊತ್ತಂಬರಿ, ಪುದೀನ ತೊಳೆದ ಮೇಲೆ ನೀರು ಒದರಬೇಡಿ, ಹಾಗೇ ಕೊಡಿ.

ಯಾವಾಗ ಓಡಬೇಕು

ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಅದು ತುರ್ತು. ನಾಳೆ ನೋಡೋಣ ಎನ್ನುವ ಹಾಗಿಲ್ಲ. ಗೂನು ಬೆನ್ನು ಮಾಡಿ ಮೂಲೆಯಲ್ಲಿ ಕೂರುವುದು, ಹಲ್ಲು ಜೋರಾಗಿ ಕಡಿಯುವುದು, ಕಿವಿ ತಣ್ಣಗಾಗುವುದು ನೋವಿನ ಗುರುತು. ಮೈ ಬಿಸಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರಬೇಕು. 38ಕ್ಕಿಂತ ಕೆಳಗಿಳಿದರೆ ಪರಿಸ್ಥಿತಿ ಕೆಟ್ಟಿದೆ.

ಇಲ್ಲಿ ಎರಡನ್ನು ಬೇರೆ ಮಾಡಿಕೊಳ್ಳಬೇಕು. ಸ್ಟೇಸಿಸ್ ನಿಧಾನವಾಗಿ ಬರುತ್ತದೆ, ಊಟ, ಹಿಕ್ಕೆ ದಿನೇ ದಿನೇ ಕಡಿಮೆಯಾಗುತ್ತವೆ. ಕರುಳು ಮುಚ್ಚಿಕೊಂಡರೆ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿ ತಿಂದ ಮೊಲ ಸಂಜೆಗೆ ನೆಲಕ್ಕೆ ಒರಗುತ್ತದೆ, ಹೊಟ್ಟೆ ಊದಿ ಬಿಗಿಯಾಗಿರುತ್ತದೆ. ಈ ಎರಡನೆಯದಕ್ಕೆ ಸಿರಿಂಜ್‌ನಲ್ಲಿ ಊಟ ತಳ್ಳಿದರೆ ಹೊಟ್ಟೆ ಒಡೆಯುವ ಅಪಾಯವಿದೆ. ವೈದ್ಯರು ಎಕ್ಸ್‌ರೇ ತೆಗೆಯುತ್ತಾರೆ, ರಕ್ತದ ಸಕ್ಕರೆಯನ್ನೂ ನೋಡುತ್ತಾರೆ. 360 ಮಿ.ಗ್ರಾಂ. ದಾಟಿದ್ದರೆ ದಾರಿ ಮುಚ್ಚಿರುವ ಅನುಮಾನ ಬಲವಾಗುತ್ತದೆ. ಹಾಗಾಗಿ ಯಾವುದು ಎಂದು ತಿಳಿಯುವವರೆಗೆ ಬಾಯಿಗೆ ಏನೂ ತುರುಕದೆ ಬೆಚ್ಚಗೆ ಸುತ್ತಿಕೊಂಡು ಹೊರಡಿ.

ಮೊಲ ನೋಡುವ ಪಶುವೈದ್ಯರು ಎಲ್ಲ ಕಡೆ ಸಿಗುವುದಿಲ್ಲ. ನಂಬರ್ ಮೊದಲೇ ಹುಡುಕಿಟ್ಟುಕೊಳ್ಳಿ. ಆಪರೇಷನ್‌ಗೆ ಮುಂಚೆ ರಾತ್ರಿಯಿಡೀ ಉಪವಾಸ ಇಡಿ ಎಂದು ಯಾರಾದರೂ ಹೇಳಿದರೆ ಮತ್ತೊಮ್ಮೆ ಕೇಳಿ. ಆ ನಿಯಮ ವಾಂತಿ ಮಾಡುವ ನಾಯಿ, ಬೆಕ್ಕಿನದು.

ಇದು ಉದುರುವುದಲ್ಲ

ಹೆಣ್ಣು ಮೊಲ ಎದೆಯ ಕೂದಲು ಕಿತ್ತು ಬಾಯಿತುಂಬ ಹುಲ್ಲು ಹೊರುತ್ತಿದ್ದರೆ ಗೂಡು ಕಟ್ಟುತ್ತಿದೆ. ಗರ್ಭ ಇಲ್ಲದಿದ್ದರೂ ಹೀಗೆ ಮಾಡುವುದುಂಟು. ದುಂಡಗೆ ಬೋಳಾಗಿ ಹುರುಪೆ ಕಟ್ಟಿದ್ದರೆ ಹುಳುಕಡ್ಡಿ ಇರಬಹುದು, ಅದು ನಮಗೂ ಅಂಟುತ್ತದೆ. ಬೆನ್ನಿನ ಮೇಲೆ ದಪ್ಪ ಹೊಟ್ಟಿದ್ದು, ದಿಟ್ಟಿಸಿದರೆ ಅದು ಸರಿದಾಡಿದ ಹಾಗೆ ಕಂಡರೆ ಚೆಯ್ಲೆಟಿಯೆಲ್ಲಾ ಎಂಬ ನುಸಿ. ಆಗ ಮನೆಯಲ್ಲಿರುವ ನಾಯಿಯ ಚಿಗಟದ ಔಷಧಿಯನ್ನು ಮೊಲದ ಕತ್ತಿಗೆ ಹಾಕಿಬಿಡಬೇಡಿ. ಅದರಲ್ಲಿ ಫಿಪ್ರೊನಿಲ್ ಇದ್ದರೆ ಮೊಲಕ್ಕೆ ವಿಷ.