"ನಾಳೆಗೆ ಒಬ್ಬರು ಮಹಿಳೆ ಬೇಕಿತ್ತು, ಮೇಡಂ"

ಸರ್ವಧರ್ಮ ಸಂವಾದ ನಡೆಸುವವರಿಂದ ಇಂಥ ಫೋನು ಬರುವುದು ಯಾವಾಗಲೂ ಹಿಂದಿನ ದಿನ ಸಂಜೆ. ವಿಷಯ ಏನು ಎಂದರೆ, "ಏನಾದರೂ ಐದು ನಿಮಿಷ ಮಾತಾಡಿ ಮೇಡಂ."

ಇವರು ಕೆಟ್ಟವರಲ್ಲ. "ನಾವು ಯಾರನ್ನೂ ಬೇಡ ಅಂದಿಲ್ಲ, ಹೆಂಗಸರೇ ಬರುವುದಿಲ್ಲ" ಎನ್ನುವಾಗ ಅವರಿಗೆ ನಿಜವಾಗಿಯೂ ಬೇಸರ ಇರುತ್ತದೆ. ಆಗ ನಾನು ಆಮಂತ್ರಣ ಪತ್ರ ಕೇಳುತ್ತೇನೆ. 'ನಿಮ್ಮ ಧಾರ್ಮಿಕ ಮುಖಂಡರನ್ನು ಕಳಿಸಿಕೊಡಿ' ಎಂದಿರುತ್ತದೆ. ಮುಗೀತಲ್ಲ! ಬಹುತೇಕ ಧರ್ಮಗಳಲ್ಲಿ ಆ ಪೀಠದಲ್ಲಿ ಕೂತಿರುವವರು ಗಂಡಸರು. ಪೀಠವನ್ನು ಕರೆದರೆ ಪೀಠದಲ್ಲಿದ್ದವರೇ ಬರುತ್ತಾರೆ. ಹೆಂಗಸರು ಬರಲಿಲ್ಲ ಅಂತಲ್ಲ, ಪತ್ರ ಅವರ ತನಕ ಹೋಗಲೇ ಇಲ್ಲ. ನಿಮಗೆ ಬೇಕಾದದ್ದು ಬೇರೆ ಧರ್ಮದವರ ಜೊತೆ ಒಡನಾಡಿದ ಅನುಭವವಾದರೆ, ಹಾಗೇ ಬರೆಯಿರಿ: 'ಅಂಥ ಇಬ್ಬರನ್ನು ಕಳಿಸಿ, ಒಬ್ಬರಾದರೂ ಹೆಂಗಸಾಗಿರಲಿ.' ಚರ್ಚೆಯ ವಿಷಯ ಗೊತ್ತುಮಾಡುವ ಮೊದಲೇ ಕರೆಯಿರಿ. ಆಮೇಲೆ ಕರೆದರೆ ಅದು ಸುಮ್ನೆ ಕುರ್ಚಿ ತುಂಬಿಸುವ ಕೆಲಸ.

ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ 2003ರಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರು ಬಿಳಿ ಬಟ್ಟೆ ತೊಟ್ಟು, ಅಂತರ್ಯುದ್ಧ ನಿಲ್ಲಲಿ ಎಂದು ಒಟ್ಟಿಗೆ ಬಯಲಲ್ಲಿ ಕೂತರು. ಘಾನಾದ ಅಕ್ರಾದಲ್ಲಿ ಶಾಂತಿ ಮಾತುಕತೆ ಎಳೆದಾಡತೊಡಗಿದಾಗ ಈ ಹೆಂಗಸರ ಮುಂದಾಳು ಲೇಮಾ ಬೋವಿ ಮತ್ತು ಸಂಗಡಿಗರು ಸಭಾಂಗಣದ ಬಾಗಿಲಿಗೇ ಅಡ್ಡ ಕೂತುಬಿಟ್ಟರು. ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಬೋವಿ ಅವರಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಒಳಗೆ ಕೂತವರನ್ನು ಹೊರಗೆ ಕೂತವರು ತಳ್ಳಬೇಕಾಯಿತು ಎನ್ನುವುದು ನನಗೆ ಇವತ್ತಿಗೂ ಕಸಿವಿಸಿ.

ನಾನು ನಡೆಸಿಕೊಟ್ಟ ಒಂದು ಸಭೆ. ಒಂದೇ ಬೀದಿಯ ಎರಡು ಪ್ರಾರ್ಥನಾ ಸ್ಥಳಗಳ ನಡುವೆ ಮೈಕಿನ ಜಗಳ. ಒಂದೂವರೆ ಗಂಟೆ ಸಹಿಷ್ಣುತೆಯ ಬಗ್ಗೆ ಭಾಷಣಗಳಾದವು. ನಡಾವಳಿ ಬರೆಯುತ್ತಿದ್ದ ಹೆಂಗಸೊಬ್ಬರು ಪೆನ್ನು ಕೆಳಗಿಟ್ಟು, "ಮಕ್ಕಳ ಪರೀಕ್ಷೆ ಯಾವತ್ತಿಂದ?" ಎಂದರು. ಎರಡೂ ಕಡೆ ಮಕ್ಕಳಿದ್ದರು. ಹತ್ತು ನಿಮಿಷದಲ್ಲಿ ಮೈಕ್ ಹಾಕುವ ಹೊತ್ತು ಗೊತ್ತಾಯಿತು. ಮರುದಿನ ನಡಾವಳಿ ನೋಡಿದರೆ ಆ ಪ್ರಶ್ನೆಯೇ ಇಲ್ಲ. ಬರೆದವರು ಅವರೇ ಅಲ್ವಾ, ಸಂಕೋಚ.

ಹಾಗಂತ ಹೆಂಗಸರು ಬಂದರೆ ಜಗಳವೇ ಆಗದು ಎಂದು ನಾನು ಹೇಳುತ್ತಿಲ್ಲ. ಜೋರಾಗಿಯೇ ಆಗಿದ್ದನ್ನೂ ನೋಡಿದ್ದೇನೆ. ಮುಖಂಡರಿಗೆ ತಿಳಿಸದೆ ಹೆಂಗಸರನ್ನು ನೇರವಾಗಿ ಕರೆದರೆ, ಸಭೆ ಮುಗಿದ ಮೇಲೆ ಅದರ ಬಿಸಿ ತಟ್ಟುವುದು ಅವರಿಗೇ. ಆದ್ದರಿಂದ ಮುಖಂಡರಿಗೂ ಒಂದು ಫೋನು ಮಾಡಿ. ಹಿಂದಿನ ದಿನ ಸಂಜೆ ಮಾತ್ರ ಬೇಡ.