41 ಮಂದಿಯಲ್ಲಿ 40

1970ರ ದಶಕದಲ್ಲಿ ಪಾಮರ್ ಬೀಸ್ಲಿ ಎಂಬ ಅಮೆರಿಕದ ವೈದ್ಯರು ತೈವಾನ್‌ನ ಸರ್ಕಾರಿ ನೌಕರರ ರಕ್ತ ಪರೀಕ್ಷೆಗೆ ಕೈಹಾಕಿದರು. ಒಟ್ಟು 22,707 ಗಂಡಸರು. ನೌಕರರೇ ಯಾಕೆ ಅಂದರೆ, ಅವರಿಗೆಲ್ಲ ಸರ್ಕಾರಿ ವಿಮೆ ಇತ್ತು. ಯಾರಿಗೆ ಯಾವ ಕಾಯಿಲೆ ಬಂತು, ಯಾರು ಯಾತರಿಂದ ತೀರಿಕೊಂಡರು ಅನ್ನೋದು ದಾಖಲೆಯಲ್ಲಿ ಸಿಗುತ್ತಿತ್ತು.

ಅವರಲ್ಲಿ 3,454 ಮಂದಿಯ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಸಿಕ್ಕಿತು. ಉಳಿದ 19,253 ಮಂದಿಯಲ್ಲಿ ಇರಲಿಲ್ಲ. ಆಮೇಲೆ ಕೆಲವು ವರ್ಷ ಕಾದರು. 1981ರಲ್ಲಿ ಲೆಕ್ಕ ಹೊರಬಂತು. ಅಷ್ಟು ಜನರಲ್ಲಿ ಲಿವರ್ ಕ್ಯಾನ್ಸರ್ ಬಂದದ್ದು 41 ಮಂದಿಗೆ. ಅದರಲ್ಲಿ 40 ಜನ ವೈರಸ್ ಇದ್ದ ಆ ಚಿಕ್ಕ ಗುಂಪಿನವರು. ದೊಡ್ಡ ಗುಂಪಿನಿಂದ ಒಬ್ಬರೇ ಒಬ್ಬರು. ಅಪಾಯ 200 ಪಟ್ಟಿಗಿಂತಲೂ ಜಾಸ್ತಿ. ಈ ಅಂಕಿಗಳನ್ನು ಮೊದಲ ಸಲ ಓದಿದಾಗ ನಾನು ಮತ್ತೆ ಹಿಂದಕ್ಕೆ ಹೋಗಿ ಓದಿದೆ. ಒಂದು ವೈರಸ್ಸಿಗೂ ಒಂದು ಕ್ಯಾನ್ಸರಿಗೂ ಇರುವ ನಂಟು ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ.

ಹಾಗಾದರೆ ವೈರಸ್ ಲಿವರ್‌ಗೆ ಏನು ಮಾಡುತ್ತದೆ? ಸೋಜಿಗದ ಮಾತು ಅಂದರೆ, ಅದು ತಾನಾಗಿ ಲಿವರ್‌ನ ಕೋಶಗಳನ್ನು ಕೊಲ್ಲುವುದು ತೀರಾ ಕಡಿಮೆ. ಕೋಶದ ಒಳಗೆ ಸೇರಿಕೊಂಡು ತನ್ನ ಮರಿಗಳನ್ನು ಮಾಡಿಕೊಳ್ಳುತ್ತಾ ಇರುತ್ತದೆ. ಕೊಲ್ಲುವುದು ನಮ್ಮದೇ ರೋಗ ನಿರೋಧಕ ಪಡೆ. ವೈರಸ್ ಹೊಕ್ಕ ಕೋಶವನ್ನು ಗುರುತಿಸಿ ಅದನ್ನೇ ಸಾಯಿಸುತ್ತದೆ. ಸತ್ತ ಕೋಶದ ಜಾಗ ತುಂಬಲು ಪಕ್ಕದ ಕೋಶ ಎರಡಾಗಬೇಕು. ಹೊಸ ಕೋಶಕ್ಕೂ ವೈರಸ್ ಹೊಕ್ಕರೆ ಮತ್ತೆ ಅದೇ ಕಥೆ. ಸಾಮಾನ್ಯವಾಗಿ ಲಿವರ್‌ನ ಕೋಶಗಳು ಒಡೆದು ಎರಡಾಗುವುದೇ ಅಪರೂಪ. ಇಲ್ಲಿ ಅವಕ್ಕೆ ಇಪ್ಪತ್ತು, ಮೂವತ್ತು ವರ್ಷ ಬಿಡುವೇ ಇಲ್ಲ. ಪ್ರತಿ ಸಲ ಎರಡಾಗುವಾಗಲೂ ಡಿಎನ್‌ಎಯನ್ನು ಮೊದಲಿನಿಂದ ಕೊನೆಯವರೆಗೆ ನಕಲು ಮಾಡಬೇಕು. ತಪ್ಪುಗಳು ಉಳಿದುಕೊಳ್ಳುತ್ತವೆ. ಒಂದು ದಿನ ಯಾವುದೋ ಒಂದು ಕೋಶದಲ್ಲಿ, 'ಸಾಕು, ನಿಲ್ಲಿಸು' ಎನ್ನುವ ಜೀನ್ ಕೆಟ್ಟುಹೋಗುತ್ತದೆ.

ಇದರ ಜೊತೆಗೇ ಗಾಯದ ಕಲೆ ಬೆಳೆಯುತ್ತದೆ. ಒಳ್ಳೆ ಲಿವರ್‌ನ ಮೈ ಗುಂಡು ಬದನೆಕಾಯಿಯ ಹಾಗೆ ನುಣುಪು. ಬಣ್ಣ ಮಾತ್ರ ಕಂದು ಕೆಂಪು. ವರ್ಷಗಟ್ಟಲೆ ಕೋಶ ಸತ್ತು ಹುಟ್ಟಿ, ನಡುನಡುವೆ ನಾರು ಕಟ್ಟಿಕೊಂಡ ಲಿವರ್ ಹಾಗಲಕಾಯಿಯ ಹಾಗೆ ಗಂಟುಗಂಟಾಗುತ್ತದೆ. ಮುಟ್ಟಿದರೆ ಗಟ್ಟಿ. ಇದೇ ಸಿರೋಸಿಸ್. ಹೆಚ್ಚಿನ ಲಿವರ್ ಕ್ಯಾನ್ಸರ್ ಹುಟ್ಟುವುದು ಇಂಥ ಗಂಟುಗಳ ನಡುವೆ. ಇಷ್ಟೆಲ್ಲ ಆದರೂ ನೋವು ಅಂತ ಒಂದು ದಿನವೂ ಕಾಣಿಸದೆ ಇರಬಹುದು. ಲಿವರ್‌ನ ಹೊರಪೊರೆಗೆ ನೋವು ಗೊತ್ತಾಗುತ್ತದೆ, ಒಳಭಾಗಕ್ಕೆ ಗೊತ್ತಾಗುವುದಿಲ್ಲ.

ಹೆಪಟೈಟಿಸ್ ಬಿ ವೈರಸ್ಸಿಗೆ ಇನ್ನೊಂದು ದಾರಿಯೂ ಇದೆ. ಅದರ ಡಿಎನ್‌ಎ ಸುಮಾರು 3,200 ಅಕ್ಷರದಷ್ಟು ಪುಟ್ಟದು. ಅದರ ತುಣುಕುಗಳು ನಮ್ಮ ಡಿಎನ್‌ಎ ನಡುವೆಯೇ ಹೋಗಿ ಸೇರಿಕೊಳ್ಳುತ್ತವೆ. ಕೋಶದ ಬೆಳವಣಿಗೆ ನೋಡಿಕೊಳ್ಳುವ ಜೀನ್ ಪಕ್ಕದಲ್ಲಿ ಬಿದ್ದರೆ ಅಲ್ಲಿಯ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಹೆಪಟೈಟಿಸ್ ಬಿ ಇದ್ದವರಿಗೆ ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ಬರಬಹುದು. 1989ರಲ್ಲಿ ಪತ್ತೆಯಾದ ಹೆಪಟೈಟಿಸ್ ಸಿ ಎಂಬ ಇನ್ನೊಂದು ವೈರಸ್ ಹೀಗೆ ಮಾಡುವುದಿಲ್ಲ. ಅದು ಬಹುಮಟ್ಟಿಗೆ ಸಿರೋಸಿಸ್ ದಾರಿಯಲ್ಲೇ ಬರುತ್ತದೆ. ಈಗ ಮೂರು ತಿಂಗಳ ಮಾತ್ರೆಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನರಿಗೆ 'ಸಿ' ಪೂರ್ತಿ ವಾಸಿಯಾಗುತ್ತದೆ. 'ಬಿ'ಯನ್ನು ಮಾತ್ರೆಯಿಂದ ಹದ್ದುಬಸ್ತಿನಲ್ಲಿ ಇಡಬಹುದು, ಬೇರುಸಮೇತ ತೆಗೆಯುವುದು ಇನ್ನೂ ಕಷ್ಟ.

ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದೂ ಲಿವರ್ ಕೋಶದ ಡಿಎನ್‌ಎ ಕೆಡಿಸುತ್ತದೆ. ವೈರಸ್ ಮತ್ತು ಈ ವಿಷ ಎರಡೂ ಸೇರಿದರೆ ಅಪಾಯ ಎಷ್ಟೋ ಪಟ್ಟು ಏರುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಸುಕ್ಕಾದ, ಬಣ್ಣಗೆಟ್ಟ ಬೀಜಗಳನ್ನು ನಮ್ಮ ಅಜ್ಜಿಯರು ಮೊರದಲ್ಲಿ ಆರಿಸಿ ಎಸೆಯುತ್ತಿದ್ದರಲ್ಲ, ಅದು ತುಂಬ ಒಳ್ಳೆ ಅಭ್ಯಾಸ.

ನಮ್ಮ ಕಡೆ ಲಿವರ್ ತೊಂದರೆ ಅಂದ ಕೂಡಲೇ ನೆನಪಾಗುವುದು ಕಾಮಾಲೆ, ಕಾಮಾಲೆ ಅಂದರೆ ನೆಲನೆಲ್ಲಿ. ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಕೂಡ ನೆಲನೆಲ್ಲಿಯನ್ನು ಹಗುರವಾಗಿ ತಳ್ಳಿಹಾಕಲಿಲ್ಲ. ಮದ್ರಾಸಿನ ಸಂಶೋಧಕರ ಜೊತೆ ಸೇರಿ ಪರೀಕ್ಷಿಸಿದರು. 1988ರಲ್ಲಿ ಬಂದ ಮೊದಲ ಫಲಿತಾಂಶ ಆಸೆ ಹುಟ್ಟಿಸಿತ್ತು. ಆಮೇಲೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಗುಣ ಕಾಣಲಿಲ್ಲ. ಇನ್ನು ಊರಲ್ಲಿ ಬರುವ ಕಾಮಾಲೆ ಎಷ್ಟೋ ಸಲ ನೀರಿನಿಂದ ಹರಡುವ ಹೆಪಟೈಟಿಸ್ 'ಎ' ಅಥವಾ 'ಇ'. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ, ಹೆಸರು ಔಷಧಿಗೆ ಬರುತ್ತದೆ. 'ಬಿ' ಒಳಗೆ ಕೂತವರ ಕಣ್ಣು ಹಳದಿಯಾಗಲೇಬೇಕು ಅಂತಿಲ್ಲ. ಎಷ್ಟೋ ಜನರಿಗೆ ಗೊತ್ತಾಗುವುದು ರಕ್ತದಾನ ಮಾಡಿದ ಮೇಲೆ ಬ್ಲಡ್ ಬ್ಯಾಂಕಿನಿಂದ ಫೋನ್ ಬಂದಾಗ. ಗೊತ್ತಾದರೆ ಒಳ್ಳೆಯದೇ. ಔಷಧಿ ಬೇಕಾ ಅಂತ ವೈದ್ಯರು ನೋಡುತ್ತಾರೆ. ಅಪಾಯ ಜಾಸ್ತಿ ಇರುವವರಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್ ಮಾಡಿದರೆ ಗಡ್ಡೆ ಚಿಕ್ಕದಿರುವಾಗಲೇ ಸಿಗಬಹುದು. 2018ರಿಂದ ಸರ್ಕಾರದ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.

ದೊಡ್ಡವರಿಗೆ 'ಬಿ' ಸೋಂಕು ತಗುಲಿದರೆ ನೂರಕ್ಕೆ 95 ಜನ ಅದನ್ನು ಓಡಿಸುತ್ತಾರೆ. ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟಿದರೆ ಲೆಕ್ಕ ತಲೆಕೆಳಗು, ನೂರರಲ್ಲಿ 90 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ಎಳೆ ದೇಹಕ್ಕೆ ಇದು ಹೊರಗಿನದು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಹುಟ್ಟಿದ 24 ಗಂಟೆಯೊಳಗೆ ಮಗುವಿನ ತೊಡೆಗೆ ಕೊಡುವ ಹೆಪಟೈಟಿಸ್ ಬಿ ಲಸಿಕೆಯ ಆ ಪುಟ್ಟ ಚುಚ್ಚುಮದ್ದಿಗೆ ಅಷ್ಟು ಆತುರ. 'ನಾಳೆ ಕೊಡಿಸೋಣ' ಅನ್ನುವ ವಿಷಯ ಅಲ್ಲ ಅದು. ವೈರಸ್ ದಾಟಿದ್ದರೂ ಅದು ಬೇರೂರುವ ಮೊದಲೇ ಲಸಿಕೆ ಹೋಗಿ ನಿಲ್ಲಬೇಕು.

ತೈವಾನ್ 1984ರಲ್ಲಿ ವೈರಸ್ ಇದ್ದ ತಾಯಂದಿರ ಕೂಸುಗಳಿಗೆ ಈ ಲಸಿಕೆ ಶುರುಮಾಡಿತು, 1986ರಿಂದ ಎಲ್ಲ ಕೂಸುಗಳಿಗೂ ಕೊಟ್ಟಿತು. ಹತ್ತು ವರ್ಷ ಕಳೆಯುವಷ್ಟರಲ್ಲೇ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಲಕ್ಷಕ್ಕೆ 0.70 ಇದ್ದದ್ದು 0.36ಕ್ಕೆ ಇಳಿಯಿತು. ಆ ಮೊದಲ ಕೂಸುಗಳಿಗೆ ಈಗ ನಲವತ್ತು ದಾಟಿದೆ. ಅವರ ಅಪ್ಪಂದಿರ ಕಾಲದಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳಲು ಶುರುವಾಗುತ್ತಿದ್ದ ವಯಸ್ಸು ಅದು.